ಎರಡಕ್ಕೆ, ನಾಲ್ಕಕ್ಕೆ ಚಿಟಿಕೆ: ಕ್ರಿಸ್ಮಸ್ ಜಾಝ್ ನನ್ನ ಕೈಗೆ ಹತ್ತಿದ ಬಗೆ

ಡಿಸೆಂಬರ್ ಬಂತು ಅಂದ್ರೆ ನಮ್ಮ ಕೋಲಾರದಲ್ಲಿ ಅವರೆಕಾಯಿ ಕಾಲ. ರಾತ್ರಿ ಊಟ ಆದ ಮೇಲೆ ನೆನೆಸಿಟ್ಟ ಕಾಳಿನ ಪಾತ್ರೆ ನಡುಮನೆಗೆ ಬರುತ್ತದೆ. ಎಲ್ಲರೂ ಸುತ್ತ ಕೂತು ಹಿತುಕುತ್ತೇವೆ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ತಟ್ಟೆಗೆ ಹಾರುತ್ತದೆ. ಅಮೆರಿಕದ ಜಾಝ್ ಸಂಗೀತವನ್ನು ನಾನು ಕೇಳಲು ಕಲಿತದ್ದು ಈ ಪಾತ್ರೆಯ ಮುಂದೆ ಕೂತೇ.

ನಮ್ಮ ಚಿಕ್ಕಪ್ಪ ಕೆಜಿಎಫ್ ಗಣಿಯಲ್ಲಿ ಕೆಲಸದಲ್ಲಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೋಲಾರಕ್ಕೆ ಬಂದು ನೆಲೆಸಿದರು. ಸಾಮಾನಿನ ಜೊತೆ ಒಂದು ಡಬ್ಬ ಕ್ಯಾಸೆಟ್ಟೂ ಬಂತು. ನ್ಯಾಟ್ ಕಿಂಗ್ ಕೋಲ್ ಹಾಡಿದ 'ದಿ ಕ್ರಿಸ್ಮಸ್ ಸಾಂಗ್' ನಾನು ಮೊದಲು ಕೇಳಿದ್ದು ಅದರಲ್ಲೇ. ಕೋಲ್ ಗಾಯಕ ಅಂತ ಹೆಸರಾಗುವ ಮೊದಲು ಜಾಝ್ ಪಿಯಾನೋ ನುಡಿಸುತ್ತಿದ್ದವರು. ಚಳಿಯ ಹಾಡು ಅದು. ಆದರೆ ಮೆಲ್ ಟೋರ್ಮೆ, ಬಾಬ್ ವೆಲ್ಸ್ ಇಬ್ಬರೂ ಅದನ್ನು ಬರೆದದ್ದು 1945ರಲ್ಲಿ, ಕ್ಯಾಲಿಫೋರ್ನಿಯಾದ ಸುಡುಬೇಸಿಗೆಯಲ್ಲಿ. ಇದು ಗೊತ್ತಾದಾಗ ನನಗೆ ತುಂಬಾ ಸಮಾಧಾನ ಆಯ್ತು. ಹಿಮ ಬೀಳದ ಊರಿನವರೂ ಈ ಹಾಡನ್ನು ಧೈರ್ಯವಾಗಿ ನುಡಿಸಬಹುದು.

ಜಾಝ್ ತಲೆಬುಡ ತಿಳಿಯಲ್ಲ ಅನ್ನುವವರಿಗೆ ನಾನು ಹೇಳೋದು, ಕ್ರಿಸ್ಮಸ್ ಹಾಡಿನಿಂದ ಶುರು ಮಾಡಿ ಅಂತ. ಧಾಟಿ ಮೊದಲೇ ಕಿವಿಯಲ್ಲಿರುತ್ತದೆ. ಕಚೇರಿಯಲ್ಲಿ ವಿದ್ವಾಂಸರು ಗೊತ್ತಿರುವ ಕೀರ್ತನೆಯ ಒಂದು ಸಾಲು ಹಿಡಿದು, ಅದನ್ನೇ ಬಗೆಬಗೆಯಾಗಿ ಹಾಡಿ ನೆರವಲ್ ಮಾಡುತ್ತಾರಲ್ವಾ? ಸಾಲು ನಮಗೆ ಗೊತ್ತಿರೋದರಿಂದಲೇ ಅವರು ಎಲ್ಲಿ ತಿರುಗಿದರು, ಎಲ್ಲಿ ಬಂದು ಸೇರಿದರು ಅಂತ ತಿಳಿಯುತ್ತದೆ. ಜಾಝ್‌ನಲ್ಲೂ ಗೊತ್ತಿರುವ ಧಾಟಿಯನ್ನು ಹೀಗೇ ಬೆಳೆಸುತ್ತಾರೆ.

ಆದರೆ ಕೇಳೋದು ಬೇರೆ, ನುಡಿಸೋದು ಬೇರೆ. ಒಂದು ವರ್ಷ ನಮ್ಮ ಚರ್ಚ್ ಸಭೆಯ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಮಕ್ಕಳ ಹಾಡಿಗೆ ಕೀಬೋರ್ಡ್ ನನ್ನದು. ಅದರಲ್ಲೇ ಇದ್ದ ಸ್ವಿಂಗ್ ರಿದಮ್, ಅಂದರೆ ಜಾಝ್‌ನ ತೂಗುವ ನಡೆ, ಹಾಕಿ 'ಜಿಂಗಲ್ ಬೆಲ್ಸ್' ಶುರು ಮಾಡಿದೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಚಪ್ಪಾಳೆ ಒಂದು ಕಡೆ, ಹಾಡು ಒಂದು ಕಡೆ. ಮಕ್ಕಳು ನಿಂತುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಆಮೇಲೆ ಕೇಳಿದರು: "ಯಾಕಪ್ಪಾ, ಕೈ ಕೂಡ್ತಾನೇ ಇರ್ಲಿಲ್ಲ?"

ಅವರು ಸರಿಯಾಗಿಯೇ ಹಿಡಿದಿದ್ದರು. ನಾಲ್ಕರ ಲೆಕ್ಕದ ಹಾಡಿಗೆ ನಾವು ಚಪ್ಪಾಳೆ ತಟ್ಟೋದು ಒಂದಕ್ಕೆ, ಮೂರಕ್ಕೆ. ಭಜನೆಯಲ್ಲೂ ಹಾಗೇ, ನಮ್ಮ ಆರಾಧನೆಯಲ್ಲೂ ಹಾಗೇ. ಜಾಝ್‌ನಲ್ಲಿ ಒತ್ತು ಬೀಳೋದು ಎರಡಕ್ಕೆ, ನಾಲ್ಕಕ್ಕೆ. ಬೆರಳಿಗೆ ಧಾಟಿ ಗೊತ್ತಿತ್ತು, ಮೈಗೆ ಈ ಲೆಕ್ಕ ಗೊತ್ತಿರಲಿಲ್ಲ.

ಮಾರನೇ ವರ್ಷ ನವೆಂಬರ್‌ನಿಂದಲೇ ಅಭ್ಯಾಸಕ್ಕೆ ಕೂತೆ. ಫೋನಿನಲ್ಲಿ ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟೆ. ಆ ಟಿಕ್ಕನ್ನು 'ಒಂದು' ಅಂತ ಎಣಿಸಲಿಲ್ಲ. 'ಎರಡು', 'ನಾಲ್ಕು' ಅಂತ ಎಣಿಸಿದೆ. ಒಂದು, ಮೂರನ್ನು ನಡುವಿನ ಖಾಲಿ ಜಾಗದಲ್ಲಿ ನಾನೇ ಹೇಳಿಕೊಳ್ಳಬೇಕು. ಆಗ ಹಾಡು 120ರಲ್ಲಿ ಓಡುತ್ತದೆ. ಮೊದಲ ವಾರವೆಲ್ಲ ಎರಡನೇ ಸಾಲಿಗೇ ಲೆಕ್ಕ ಜಾರಿ ಟಿಕ್ಕು ಒಂದರ ಮೇಲೆ ಬಂದು ಕೂರುತ್ತಿತ್ತು. ನಿಲ್ಲಿಸೋದು, ಮತ್ತೆ ಶುರು ಮಾಡೋದು. ಕೊನೆಗೆ ಕೀಬೋರ್ಡ್ ಮುಚ್ಚಿಟ್ಟು ಸುಮ್ನೆ ಹಾಡಿಕೊಂಡು ಚಿಟಿಕೆ ಹೊಡೆದೆ. ಅವರೆಕಾಳಿನ ಮುಂದೆಯೂ ಅದೇ. ಒಂದಕ್ಕೆ ಕಾಳು ಎತ್ತಿಕೊಳ್ಳೋದು, ಎರಡಕ್ಕೆ ಹಿತುಕೋದು. ಮೂರಕ್ಕೆ ಇನ್ನೊಂದು ಕಾಳು, ನಾಲ್ಕಕ್ಕೆ ಹಿತುಕೋದು. ಮೂರನೇ ವಾರಕ್ಕೆ ಕೈ ಕೂಡಿತು.

ಸ್ವಿಂಗ್ ನಡೆ ತಿಳಿದದ್ದು ಕೊನ್ನಕೋಲಿನಿಂದ, ಅಂದರೆ ಬಾಯಲ್ಲಿ ತಾಳದ ಸೊಲ್ಲು ಹೇಳುವುದರಿಂದ. ಒಂದು ಎಣಿಕೆಯಲ್ಲಿ 'ತಕಿಟ' ಹೇಳಿ. ಈಗ 'ಕಿ' ನುಂಗಿ 'ತ'ವನ್ನು ಅಲ್ಲಿವರೆಗೆ ಎಳೆಯಿರಿ. ತಾ-ಟ, ತಾ-ಟ. ಮೊದಲ ಸ್ವರ ಉದ್ದ, ಎರಡನೆಯದು ಗಿಡ್ಡ. ಜಾಝ್ ತೂಗೋದು ಹೆಚ್ಚುಕಡಿಮೆ ಹೀಗೆ. ವೇಗ ಜಾಸ್ತಿಯಾದಷ್ಟೂ ಎರಡೂ ಸಮಕ್ಕೆ ಹತ್ತಿರ ಬರುತ್ತವೆ. ಕೀಬೋರ್ಡಿನ ತಯಾರು ರಿದಮ್ಮನ್ನು ಆಮೇಲೆ ನಾನು ಹಾಕಲೇ ಇಲ್ಲ. ಅದಕ್ಕೆ ಉಸಿರಿಲ್ಲ.

ಕೇಳಲು ಒಂದೇ ಆಲ್ಬಮ್ ಹೇಳು ಅಂದರೆ ವಿನ್ಸ್ ಗ್ವಾರಾಲ್ಡಿ ಟ್ರಯೋದ 1965ರ 'ಎ ಚಾರ್ಲಿ ಬ್ರೌನ್ ಕ್ರಿಸ್ಮಸ್' ಅನ್ನುತ್ತೇನೆ. ಪಿಯಾನೋ, ಬೇಸ್, ಡ್ರಮ್ಸ್, ಬಹುಪಾಲು ಮೂರೇ ವಾದ್ಯ. ಅದರ 'ಓ ಟ್ಯಾನನ್‌ಬಾಮ್' ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಲು ಪಿಯಾನೋ ಒಂದೇ, ನಿಧಾನವಾಗಿ, ತಾಳದ ಹಂಗಿಲ್ಲದೆ ಧಾಟಿ ಹೇಳುತ್ತದೆ. ಆಲಾಪನೆ ಕೇಳಿದ ಹಾಗೆ. ಆಮೇಲೆ ಬೇಸ್, ಡ್ರಮ್ಸ್ ಸೇರುತ್ತವೆ, ನಡೆ ಶುರುವಾಗುತ್ತದೆ. ಡ್ರಮ್ಮನ್ನು ಕೋಲಲ್ಲಿ ಬಡಿಯದೆ ತಂತಿಯ ಬ್ರಷ್ಷಿನಿಂದ ಸವರುತ್ತಾರೆ. ಮೊರದಲ್ಲಿ ಅಕ್ಕಿ ಕೇರುವಾಗ ಬರುತ್ತದಲ್ಲ, ಆ ಸದ್ದು. ನನ್ನ ತಮ್ಮ ಇದನ್ನು ರಟ್ಟಿನ ಡಬ್ಬದ ಮೇಲೆ ಬಟ್ಟೆ ಉಜ್ಜುವ ಬ್ರಷ್ ಆಡಿಸಿ ಕಲಿತ.

ಮನೆಯಲ್ಲಿ ಜನ ತುಂಬಿದ್ದಾಗ ಜಾಝ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಅವರ 1960ರ ಕ್ರಿಸ್ಮಸ್ ಆಲ್ಬಮ್ ಹಾಕುತ್ತೇನೆ. ಅದೇ ವರ್ಷ ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಸೇರಿ ಚೈಕಾವ್‌ಸ್ಕಿಯ ಬ್ಯಾಲೆ ಸಂಗೀತ 'ನಟ್‌ಕ್ರ್ಯಾಕರ್' ಅನ್ನು ಜಾಝ್‌ಗೆ ತಂದರು. ಮೂಲದಲ್ಲಿ ಗಾಜಿನ ಗೆಜ್ಜೆಯ ಹಾಗೆ ಸೆಲೆಸ್ಟಾ ಅನ್ನುವ ಕೀಲಿಮಣೆ ವಾದ್ಯ ನುಡಿಯುವ ಕಡೆ ಇಲ್ಲಿ ಸ್ಯಾಕ್ಸೊಫೋನ್ ತೂಕಡಿಸುತ್ತಾ ನಡೆಯುತ್ತದೆ. ಇದಕ್ಕೆ ಎರಡನ್ನೂ ಒಂದರ ಹಿಂದೆ ಒಂದು ಕೇಳಬೇಕು. ಬರೀ ಎಲಿಂಗ್ಟನ್ ಕೇಳಿದರೆ ಅರ್ಧ ಸುಖ ಹೋಯಿತು.

ಎಡಗೈಗೆ ನಾನು ಮಾಡಿದ್ದು ಇಷ್ಟೇ. ಸಿ ಮೇಜರ್ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಅಂದರೆ ಸಿ, ಇ, ಜಿ ಮೂರನ್ನೂ ಒತ್ತುವ ಅಭ್ಯಾಸ ಬಿಟ್ಟೆ. ಇ ಮತ್ತು ಬಿ, ಅಂದರೆ ಗ ಮತ್ತು ನಿ, ಎರಡೇ ಸ್ವರ. ಸ ಹಿಡಿಯೋದು ಬೇಸ್ ಗಿಟಾರಿನ ಕೆಲಸ. ಆ ನಿಷಾದ ಒಂದರಿಂದಲೇ ಹಾಡಿನ ಬಣ್ಣ ಬದಲಾಗುತ್ತದೆ.

ಈಗ ಸಭೆಯಲ್ಲಿ ಜನ ಒಟ್ಟಿಗೆ ಹಾಡುವಾಗ ನಾನು ನೇರವಾಗಿಯೇ ನುಡಿಸುತ್ತೇನೆ. ಅವರ ಹಾಡು ಅದು, ಅದನ್ನು ಅಲುಗಾಡಿಸಬಾರದು. ಆರಾಧನೆ ಮುಗಿದು, ಅಂಗಳದಲ್ಲಿ ಕಾಫಿ, ಕಜ್ಜಾಯ ಕೊಡುವ ಹೊತ್ತಿಗೆ ನಾವು ಮೂರು ಜನ ಜಾಝ್‌ನಲ್ಲಿ ನಾಲ್ಕೈದು ಹಾಡು ನುಡಿಸುತ್ತೇವೆ. ಶುರುವಿನಲ್ಲಿ ತಮ್ಮ ನಾಲ್ಕು ಸುತ್ತು ಬರೀ ಚಿಟಿಕೆ ಹೊಡೆಯುತ್ತಾನೆ. ಮಕ್ಕಳು ಅದನ್ನೇ ಹಿಡಿಯುತ್ತಾರೆ. ಹೋದ ವರ್ಷ ಆ ಅಜ್ಜಿಯೂ ಲೋಟ ಕೆಳಗಿಟ್ಟು ಎರಡಕ್ಕೆ, ನಾಲ್ಕಕ್ಕೆ ಸರಿಯಾಗಿ ತಟ್ಟಿದರು.

'ಸೈಲೆಂಟ್ ನೈಟ್' ಮಾತ್ರ ಇನ್ನೂ ಬಾಕಿ. 1818ರಿಂದ ಜನ ಹಾಡಿಕೊಂಡು ಬಂದ ಹಾಡು. ಅದು ಮೂರರ ಲೆಕ್ಕದ್ದು, ಎರಡು-ನಾಲ್ಕರ ಚಿಟಿಕೆ ಅಲ್ಲಿ ನಡೆಯಲ್ಲ. ಧಾಟಿಯನ್ನು ಮುಟ್ಟದೆ, ಕೆಳಗಿನ ಕಾರ್ಡ್‌ಗಳನ್ನಷ್ಟೇ ಬದಲಿಸಿ ನಿಧಾನವಾಗಿ ನುಡಿಸಬೇಕು ಅಂತಿದ್ದೇನೆ. ಕೊನೇ ಸಾಲಿನಲ್ಲಿ ಎಡಗೈ ಇನ್ನೂ ಕೂತಿಲ್ಲ. 24ಕ್ಕೆ ಮೂರು ವಾರ ಇದೆ.