ಬೆಲೆ ಒಂದೇ, ತೂಕ ಬೇರೆ: ಹಳೆ ಜರ್ಮನ್ ಬೆಳ್ಳಿ ನಾಣ್ಯಗಳನ್ನು ನಾನು ಪರೀಕ್ಷಿಸುವ ರೀತಿ

ಹದಿನೇಳನೇ ಶತಮಾನದ ಜರ್ಮನ್ ನಾಣ್ಯ ಕೂಡಿಡಲು ಹೊರಟರೆ ಮೊದಲು ತಲೆ ಕೆಡುತ್ತದೆ. ಡ್ಯೂಕ್, ಇಲೆಕ್ಟರ್ (ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಅರಸ), ಬಿಷಪ್, ಸ್ವತಂತ್ರ ನಗರ, ಹೀಗೆ ಎಷ್ಟೋ ಜನರಿಗೆ ಸ್ವಂತ ಟಂಕಸಾಲೆ. ಮುಖ, ಲಾಂಛನ ನೋಡುತ್ತಾ ಕೂತರೆ ಮುಗಿಯೋದೇ ಇಲ್ಲ. ಹಾಗಾಗಿ ನಾನು ಮೊದಲು ತೂಕ ನೋಡುತ್ತೇನೆ.

ಈ ರೂಢಿ ಹತ್ತಿಸಿದ್ದು ಎರಡು ನಾಣ್ಯ. ಎರಡೂ 1690ರ ದಶಕದವು, ಎರಡರ ಬೆಲೆಯೂ ಅಂದಿನ ದೊಡ್ಡ ಬೆಳ್ಳಿ ನಾಣ್ಯವಾದ ಥಾಲರ್‌ನ ಮೂರರಲ್ಲಿ ಎರಡು ಪಾಲು. ಒಂದು ಬ್ರಾಂಡೆನ್‌ಬರ್ಗ್‌ನ ಮೂರನೇ ಫ್ರೆಡ್ರಿಕ್‌ನದು. 1701ರಲ್ಲಿ ಪ್ರಷ್ಯದ ಮೊದಲ ರಾಜನಾದವನು ಇವನೇ. ಇನ್ನೊಂದು ಬ್ರೌನ್‌ಶ್ವೈಗ್ ಡ್ಯೂಕರ 24 ಮರೀನ್‌ಗ್ರೋಷೆನ್. ಅಲ್ಲಿ 36 ಮರೀನ್‌ಗ್ರೋಷೆನ್ ಸೇರಿದರೆ ಒಂದು ಥಾಲರ್. ತೂಗಿದರೆ ಮೊದಲನೆಯದು 17.3 ಗ್ರಾಂ, ಎರಡನೆಯದು 13.1. ಬೆಲೆ ಒಂದೇ, ತೂಕದಲ್ಲಿ ನಾಲ್ಕು ಗ್ರಾಂ ವ್ಯತ್ಯಾಸ! ಬ್ರೌನ್‌ಶ್ವೈಗ್‌ನವರು ಮೋಸ ಮಾಡಿದರಾ?

ನೀರಿನಲ್ಲಿ ನೋಡಿದೆ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ಮುಳುಗಿಸಿ. ಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ಮೆಲ್ಲಗೆ ಅಲ್ಲಾಡಿಸಿ ಬಿಡಿಸಬೇಕು. ಆಗ ಬರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ. ಅಪ್ಪಟ ಬೆಳ್ಳಿ 10.49, ತಾಮ್ರ 8.96. ಬ್ರೌನ್‌ಶ್ವೈಗ್ ನಾಣ್ಯ 1.25 ತೋರಿಸಿತು, ಅಂದರೆ ಸಾಂದ್ರತೆ 10.48. ಹೆಚ್ಚುಕಮ್ಮಿ ಶುದ್ಧ ಬೆಳ್ಳಿ! ಬ್ರಾಂಡೆನ್‌ಬರ್ಗ್‌ನದು 1.72, ಅಂದರೆ 10.06. ಅದರಲ್ಲಿ ಕಾಲು ಭಾಗ ತಾಮ್ರ.

ಒಪ್ಪಂದವೇ ಹಾಗಿತ್ತು. 1690ರಲ್ಲಿ ಲೈಪ್‌ಜಿಗ್‌ನಲ್ಲಿ ನಿಗದಿಯಾದ ಪ್ರಮಾಣದಂತೆ ಒಂದು ಕಲೋನ್ ಮಾರ್ಕ್, ಅಂದರೆ ಸುಮಾರು 233.86 ಗ್ರಾಂ ಶುದ್ಧ ಬೆಳ್ಳಿಯಿಂದ 12 ಥಾಲರ್ ಬೆಲೆಯ ನಾಣ್ಯ ಹೊಡೆಯಬೇಕು. ಮೂರರಲ್ಲಿ ಎರಡು ಪಾಲಿನ ಬಿಲ್ಲೆಗಳಾದರೆ 18. ತಲಾ 12.99 ಗ್ರಾಂ ಬೆಳ್ಳಿ. ಎರಡು ನಾಣ್ಯದಲ್ಲೂ ಇರೋದು ಅಷ್ಟೇ ಬೆಳ್ಳಿ. ಒಂದಕ್ಕೆ ತಾಮ್ರ ಸೇರಿದೆ, ಇನ್ನೊಂದಕ್ಕೆ ಸೇರಿಲ್ಲ, ಅಷ್ಟೇ.

ಬ್ರೌನ್‌ಶ್ವೈಗ್‌ನವರಿಗೆ ಹಾರ್ಟ್ಸ್ ಬೆಟ್ಟದಲ್ಲಿ ಸ್ವಂತ ಬೆಳ್ಳಿ ಗಣಿಗಳಿದ್ದವು. ಗಣಿಯ ಪಕ್ಕದಲ್ಲೇ, ಸೆಲ್ಲರ್‌ಫೆಲ್ಡ್ ಮತ್ತು ಕ್ಲೌಸ್ಟಾಲ್‌ನಲ್ಲಿ, ಟಂಕಸಾಲೆ. ನಾಣ್ಯದ ಮೇಲೇ 'ಶುದ್ಧ ಬೆಳ್ಳಿಯದು' ಅಂತ ಕೆತ್ತುತ್ತಿದ್ದರು. ಹಿಂಬದಿಯಲ್ಲಿ ಕೈಯಲ್ಲಿ ಬೇರುಸಹಿತ ಕಿತ್ತ ಮರ ಹಿಡಿದ ಕಾಡುಮನುಷ್ಯ. ಸೊಂಟಕ್ಕೆ ಸೊಪ್ಪು, ಗಡ್ಡದ ಒಂದೊಂದು ಎಳೆಯೂ ಬೇರೆ ಬೇರೆ. ಲೆನ್ಸ್ ಹಿಡಿದು ಆ ಗಡ್ಡ ನೋಡುತ್ತಾ ಹೊತ್ತು ಹೋದದ್ದೇ ಗೊತ್ತಾಗೋದಿಲ್ಲ. ಗಡ್ಡ, ಮೊಣಕಾಲು ಸವೆದಿಲ್ಲದಿದ್ದರೆ ನಾಣ್ಯ ಜಾಸ್ತಿ ಓಡಾಡಿಲ್ಲ ಅಂತ ಅರ್ಥ.

ಬೆಳ್ಳಿ ಅಳೆದು ನೋಡುವ ಚಟ ಅಂದಿನವರಿಗೂ ಇತ್ತು. 1619ರಿಂದ 1623ರವರೆಗೆ, ಮೂವತ್ತು ವರ್ಷದ ಯುದ್ಧದ ಶುರುವಿನಲ್ಲಿ, ಹಲವು ಸಂಸ್ಥಾನಗಳು ಚಿಲ್ಲರೆ ನಾಣ್ಯಕ್ಕೆ ತಾಮ್ರ ತುಂಬಿದವು. ದಲ್ಲಾಳಿಗಳು ತಕ್ಕಡಿ ಹಿಡಿದು ಒಳ್ಳೆ ನಾಣ್ಯ ಆರಿಸಿ ಕರಗಿಸಿದರು. ಸಂಬಳಕ್ಕೆ ಬದುಕುವವರು ನರಳಿದರು. ಆ ಕಾಲದ ಚಿಲ್ಲರೆ ಸಿಕ್ಕರೆ ಬಿಡಬೇಡಿ, ಬೆಲೆ ಕಡಿಮೆ, ಕಥೆ ದೊಡ್ಡದು.

ಒಂದು ಎಚ್ಚರಿಕೆ. ನೀರಿನ ಲೆಕ್ಕ ಲೋಹವನ್ನಷ್ಟೇ ಹೇಳುತ್ತದೆ, ಅಸಲಿಯೋ ನಕಲಿಯೋ ಹೇಳೋದಿಲ್ಲ. ಸರಿಯಾದ ಬೆಳ್ಳಿಯಲ್ಲೇ ಎರಕ ಹೊಯ್ದ ನಕಲಿಗಳಿವೆ. ಅದಕ್ಕೆ ಅಂಚು ನೋಡಿ. ಎರಕದ ಗೆರೆ, ಮೈಮೇಲೆ ಸಣ್ಣ ತೂತುಗಳು ಕಂಡರೆ ಅನುಮಾನಿಸಿ. ಹಿಂದೆ ಪದಕ ಮಾಡಿಕೊಂಡಿದ್ದರೆ ಮೇಲಂಚಿನಲ್ಲಿ ಬೆಸುಗೆಯ ಗುರುತು ಇರುತ್ತದೆ, ಅದು ತೂಕವನ್ನೂ ಕೆಡಿಸುತ್ತದೆ. ಹುಣಸೆಹಣ್ಣು, ಪಾಲಿಶ್ ಮಾತ್ರ ದಯವಿಟ್ಟು ಹತ್ತಿರ ತರಬೇಡಿ.

ಶುರು ಮಾಡುವವರು 1753ರ ನಂತರದ ಕನ್ವೆನ್ಷನ್ ಥಾಲರ್ ತಗೊಳ್ಳಿ. ಆ ವರ್ಷ ಆಸ್ಟ್ರಿಯ, ಬವೇರಿಯ ಸೇರಿ ಮಾರ್ಕ್‌ಗೆ ಹತ್ತು ಥಾಲರ್ ಅಂತ ಒಪ್ಪಿಕೊಂಡವು, ಎಷ್ಟೋ ಸಂಸ್ಥಾನಗಳು ಅದನ್ನೇ ಅನುಸರಿಸಿದವು. ಹಲವು ನಾಣ್ಯಗಳ ಮೇಲೆ ಈ ಲೆಕ್ಕವನ್ನೇ ಬರೆದಿರುತ್ತಾರೆ. ತಾಮ್ರವೂ ಸೇರಿ ತೂಕ 28.06 ಗ್ರಾಂ, ನೀರಿನಲ್ಲಿ 2.75ರ ಆಸುಪಾಸು ಬರಬೇಕು.