ಒಂದೇ ತಾರೀಖಿನ ಎರಡು ಘಟನೆ ಸಿಕ್ಕಿತಾ? ಬೋರ್ಡಿಗೆ ಬರೆಯೋ ಮುಂಚೆ ಹೀಗೆ ನೋಡಿ

ನಮ್ಮೂರಿನ ವಾಚನಾಲಯದ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಅದರ ಮೇಲೆ ‘ದಿನದ ವಿಶೇಷ’ ಬರೆಯೋ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಒಂದು ಏಪ್ರಿಲ್ 23ಕ್ಕೆ, ‘ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರಲ್ಲಿ ಇದೇ ದಿನ ತೀರಿಕೊಂಡರು’ ಅಂತ ದೊಡ್ಡದಾಗಿ ಬರೆದೆ. ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಮೇಲಕ್ಕೆ ತಳ್ಳಿ ಎರಡು ಸಲ ಓದಿದರು. ‘ಇದೇ ದಿನ ಅಂದ್ರೆ ಯಾರ ಕ್ಯಾಲೆಂಡರ್ ಪ್ರಕಾರನಪ್ಪಾ?’ ಅಂದರು. ನನಗೆ ಬಾಯೇ ಬರಲಿಲ್ಲ.

ಆವತ್ತಿನಿಂದ ಮೊದಲು ನೋಡೋದು ಅದನ್ನೇ. ಸ್ಪೇನ್ 1582ರಲ್ಲೇ ಪೋಪ್ ಜಾರಿಗೆ ತಂದ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ, ಅಂದರೆ ಈಗ ನಾವೆಲ್ಲ ನೋಡೋ ಕ್ಯಾಲೆಂಡರಿಗೆ, ಬಂದಿತ್ತು. ಅಲ್ಲಿ ಅಕ್ಟೋಬರ್ 4ರ ಗುರುವಾರ ಮಲಗಿದವರು ಎದ್ದಾಗ ಅಕ್ಟೋಬರ್ 15, ಶುಕ್ರವಾರ! ಇಂಗ್ಲೆಂಡಿನವರು ಮಾತ್ರ, ಪೋಪ್ ಹೇಳಿದ್ದನ್ನು ನಾವ್ಯಾಕೆ ಕೇಳಬೇಕು ಅಂತ 1752ರವರೆಗೂ ಹಳೇ ಜೂಲಿಯನ್ ಲೆಕ್ಕವನ್ನೇ ಹಿಡಿದುಕೊಂಡಿದ್ದರು. ಹಾಗಾಗಿ ಶೇಕ್ಸ್‌ಪಿಯರ್ ತೀರಿಕೊಂಡ ಏಪ್ರಿಲ್ 23 ಸ್ಪೇನಿನವರ ಲೆಕ್ಕದಲ್ಲಿ ಮೇ 3. ಸಾಲದ್ದಕ್ಕೆ ಸರ್ವಾಂಟಿಸ್ ಹೋಗಿದ್ದು 22ಕ್ಕೆ, 23 ಅವನನ್ನು ಮಣ್ಣು ಮಾಡಿದ ದಿನ. ಅಲ್ಲಿಗೆ ಇಬ್ಬರ ಸಾವಿನ ಮಧ್ಯೆ ಹನ್ನೊಂದು ದಿನದ ಅಂತರ.

ಇದಕ್ಕೊಂದು ಸುಲಭದ ಲೆಕ್ಕ ಇದೆ, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹಳೇ ತಾರೀಖಿಗೆ 1582ರಿಂದ 1700ರವರೆಗೆ 10 ದಿನ ಸೇರಿಸಬೇಕು. ಆಮೇಲೆ 1800ರವರೆಗೆ 11, 1900ರವರೆಗೆ 12, ಅದರ ನಂತರ 13. ರಷ್ಯಾದಲ್ಲಿ 1918ರವರೆಗೂ ಹಳೇ ಲೆಕ್ಕವೇ ಇತ್ತು. ಅದಕ್ಕೇ 1917ರ ‘ಅಕ್ಟೋಬರ್ ಕ್ರಾಂತಿ’ಯ ದಿನವನ್ನು ನವೆಂಬರ್ 7ಕ್ಕೆ ಆಚರಿಸುತ್ತಿದ್ದರು. ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅನ್ನೋ ಮಾತೂ ಇಲ್ಲೇ ಎಡವುತ್ತದೆ. ಗೆಲಿಲಿಯೊ ಹೋಗಿದ್ದು ಹೊಸ ಲೆಕ್ಕದ 1642ರ ಜನವರಿಯಲ್ಲಿ. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ 1642ರ ಕ್ರಿಸ್‌ಮಸ್ ದಿನ, ಅಂದರೆ ಹೊಸ ಲೆಕ್ಕದಲ್ಲಿ 1643ರ ಜನವರಿ 4.

ಎರಡನೇದು, ಹುಟ್ಟಿದ ತಾರೀಖನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ನಮ್ಮ ಅಪ್ಪನ ಹುಟ್ಟುಹಬ್ಬ ಜೂನ್ 1. ಚಿಕ್ಕಪ್ಪನದೂ ಜೂನ್ 1. ಪಕ್ಕದ ಮನೆ ರಾಯರದೂ ಅದೇ. ಏನು ಕಾಕತಾಳೀಯ ಅಂತೀರಾ? ಶಾಲೆಗೆ ಸೇರಿಸುವಾಗ ಮೇಷ್ಟ್ರು ತಾರೀಖು ಕೇಳಿದರೆ ನಮ್ಮಜ್ಜಿ ‘ಗೌರಿ ಹಬ್ಬ ಕಳೆದು ಎರಡು ದಿನಕ್ಕೆ, ಜೋರು ಮಳೆ’ ಅಂದಿದ್ದಳಂತೆ. ಮೇಷ್ಟ್ರು ತಲೆ ಕೆರೆದುಕೊಂಡು ಶಾಲೆ ಶುರುವಾಗೋ ತಿಂಗಳ ಒಂದನೇ ತಾರೀಖು ಹಾಕಿದರು, ಅಷ್ಟೇ.

ಇದನ್ನು ಮನಸ್ಸಲ್ಲಿಟ್ಟುಕೊಂಡೇ ಸಂಗೊಳ್ಳಿ ರಾಯಣ್ಣನ ವಿಷಯ ಬರೆಯಬೇಕು. ನಂದಗಡದಲ್ಲಿ ಬ್ರಿಟಿಷರು ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26. ಹುಟ್ಟಿದ್ದು 1798ರ ಆಗಸ್ಟ್ 15 ಅಂತ ಆಚರಿಸುತ್ತೇವೆ. ಒಂದು ಸ್ವಾತಂತ್ರ್ಯ ದಿನ, ಇನ್ನೊಂದು ಗಣರಾಜ್ಯ ದಿನ! ಓದಿದಾಗ ಯಾರಿಗಾದರೂ ಮೈ ಜುಮ್ ಅನ್ನುತ್ತದೆ. ನಾನು ಬೋರ್ಡಿನ ಮೇಲೆ ಸಾವಿಗೆ ‘ಗಲ್ಲಿಗೇರಿಸಿದ ದಿನ’ ಅಂತಲೂ ಹುಟ್ಟಿಗೆ ‘ಜಯಂತಿ ಆಚರಿಸುವ ದಿನ’ ಅಂತಲೂ ಬರೆಯುತ್ತೇನೆ. ಇದರಿಂದ ರಾಯಣ್ಣನಿಗೇನೂ ಕಡಿಮೆಯಾಗಲ್ಲ. ಆ ಕಾಲದಲ್ಲಿ ಹಳ್ಳಿಮನೆಗಳಲ್ಲಿ ಮಕ್ಕಳು ಹುಟ್ಟಿದ್ದನ್ನು ಇಂಗ್ಲಿಷ್ ತಾರೀಖಿನಲ್ಲಿ ಯಾರು ಬರೆದಿಡುತ್ತಿದ್ದರು, ಅಲ್ವಾ?

ಮೂರನೇದು, ಆ ತಾರೀಖನ್ನು ಯಾರಾದರೂ ಬೇಕಂತಲೇ ಆರಿಸಿದ್ದಾ ಅಂತ ಕೇಳಿ. ಸಂವಿಧಾನವನ್ನು 1949ರ ನವೆಂಬರ್ 26ಕ್ಕೇ ಒಪ್ಪಿದ್ದರೂ ಜಾರಿಗೆ ತರಲು ಜನವರಿ 26ರವರೆಗೆ ಕಾದರು. 1930ರಲ್ಲಿ ಪೂರ್ಣ ಸ್ವರಾಜ್ಯದ ದಿನ ಆಚರಿಸಿದ್ದು ಅವತ್ತೇ, ಅದಕ್ಕೆ. ಆಗಸ್ಟ್ 15ನ್ನು ಆರಿಸಿದ್ದು ಮೌಂಟ್‌ಬ್ಯಾಟನ್, ಜಪಾನ್ ಶರಣಾಗಿ ಎರಡು ವರ್ಷ ತುಂಬುವ ದಿನ ಅಂತ. ನವೆಂಬರ್ 1ರ ಕಥೆಯೂ ಹೀಗೇ. ನಮ್ಮ ರಾಜ್ಯ, ಕೇರಳ, ಆಂಧ್ರ, ಮಧ್ಯಪ್ರದೇಶ ಎಲ್ಲ 1956ರಲ್ಲಿ ಅದೇ ದಿನ ಆಗಿದ್ದು ಒಂದೇ ಕಾನೂನಿನಿಂದ. ಇವನ್ನು ‘ಅಚ್ಚರಿ!’ ಅಂತ ಫಾರ್ವರ್ಡ್ ಮಾಡಬೇಡಿ. ಕಾರಣ ಬರೆಯಿರಿ, ಅದೇ ಜಾಸ್ತಿ ಸ್ವಾರಸ್ಯ.

ಈ ಮೂರೂ ಜರಡಿ ದಾಟಿ ಉಳಿದದ್ದು ನಿಜವಾದ ಕಾಕತಾಳೀಯ. ಅದರಲ್ಲಿ ನನಗೆ ಅಚ್ಚುಮೆಚ್ಚು ಅಮೆರಿಕದ ಜುಲೈ 4. ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, 1826ರ ಜುಲೈ 4ರಂದು, ಅದನ್ನು ಬರೆದ ಥಾಮಸ್ ಜೆಫರ್ಸನ್ ಮಧ್ಯಾಹ್ನ ವರ್ಜೀನಿಯಾದಲ್ಲಿ ತೀರಿಕೊಂಡರು. ಸಂಜೆ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಆಡಮ್ಸ್. ಇಬ್ಬರೂ ಮಾಜಿ ಅಧ್ಯಕ್ಷರು, ಸ್ನೇಹಿತರು, ಜಗಳ ಆಡಿ ವರ್ಷಗಟ್ಟಲೆ ಮಾತು ಬಿಟ್ಟು ಮತ್ತೆ ಒಂದಾದವರು. ‘ಜೆಫರ್ಸನ್ ಇನ್ನೂ ಇದ್ದಾನೆ’ ಅಂತ ಆಡಮ್ಸ್ ಕೊನೆಗೆ ಹೇಳಿದರಂತೆ, ಪಾಪ. ಐದು ವರ್ಷದ ಮೇಲೆ, 1831ರ ಜುಲೈ 4ಕ್ಕೇ, ಇನ್ನೊಬ್ಬ ಮಾಜಿ ಅಧ್ಯಕ್ಷ ಜೇಮ್ಸ್ ಮನ್ರೋ ಕೂಡ ಹೋದರು.

ಇನ್ನೊಂದು ಥರದ್ದೂ ಇದೆ, ತಾರೀಖೇ ಅನಾಹುತವನ್ನು ದೊಡ್ಡದು ಮಾಡಿದ್ದು. 1755ರ ನವೆಂಬರ್ 1ರ ಬೆಳಿಗ್ಗೆ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಭೂಕಂಪ ಆಯಿತು. ಅವತ್ತು ಎಲ್ಲ ಸಂತರ ಹಬ್ಬ. ಜನ ಚರ್ಚುಗಳಲ್ಲಿ ತುಂಬಿದ್ದರು, ಮೇಣದಬತ್ತಿ ಉರಿಯುತ್ತಿದ್ದವು. ಕಟ್ಟಡ ಕುಸಿದವು, ಸಮುದ್ರ ನುಗ್ಗಿತು, ಬೆಂಕಿ ದಿನಗಟ್ಟಲೆ ಆರಲಿಲ್ಲ.

ಹಾಗಂತ ತೀರಾ ಬೆರಗಾಗಲೂ ಬೇಡಿ. ಸುಮ್ನೆ 23 ಜನರನ್ನು ಒಂದು ಕೋಣೆಯಲ್ಲಿ ಕೂರಿಸಿದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ನಮ್ಮ ವಾಚನಾಲಯದಲ್ಲಿ ಭಾನುವಾರ ಅಷ್ಟು ಜನ ಇದ್ದೇ ಇರುತ್ತಾರೆ. ಜೂನ್ 1ರವರನ್ನು ಮಾತ್ರ ಲೆಕ್ಕದಿಂದ ಬಿಡಿ.

ಬರೆಯುವಾಗ ಇಸವಿ, ಊರು, ಯಾವ ಕ್ಯಾಲೆಂಡರ್, ಇವಿಷ್ಟು ಇರಲಿ. ಹಲಗೆಯಲ್ಲಿ ಜಾಗ ಸಾಲದಿದ್ದರೆ ‘ಅಚ್ಚರಿ’ ಅನ್ನೋ ಪದ ಅಳಿಸಿ. ಮರುವರ್ಷದ ಏಪ್ರಿಲ್ 23ಕ್ಕೆ ನಾನು ‘ತಾರೀಖು ಒಂದೇ, ದಿನ ಬೇರೆ’ ಅಂತ ಶುರುಮಾಡಿ ಆರು ಸಾಲು ಬರೆದೆ. ಮೇಷ್ಟ್ರು ಎರಡು ಸಲ ಓದಿದರು. ‘ಅಕ್ಷರ ಸ್ವಲ್ಪ ದಪ್ಪ ಬರಿಯಪ್ಪಾ, ಕಾಣಿಸಲ್ಲ’ ಅಂದು ಪೇಪರ್ ಹಿಡಿದು ಕೂತರು.