ಬೇರೆಯವರ ಕಡಲಿನ ಮೋಜಣಿ

ನಾನು ರೋಣ ತಾಲ್ಲೂಕಿನವನು. ಮನೆಯಲ್ಲಿ ಹೊಲ ಇತ್ತು, ಹೊಲಕ್ಕೆ ಬದು ಇತ್ತು, ಬದುವಿನ ಮೇಲೆ ಮೂರು ತಲೆಮಾರಿನ ಜಗಳವೂ ಇತ್ತು. ಸರಕಾರಿ ಮೋಜಣಿದಾರ ಬಂದರೆ ನಮ್ಮಪ್ಪ ಸರಪಳಿಯ ಒಂದು ತುದಿ ತಾನೇ ಹಿಡಿಯುತ್ತಿದ್ದ. ಅಳತೆ ಬರೆದ ಚೀಟಿ ಕೈಗೆ ಬರುವ ತನಕ ಹೊಲ ಬಿಟ್ಟು ಏಳುತ್ತಿರಲಿಲ್ಲ.

ನೌಕಾಪಡೆಗೆ ಸೇರಿ, ನನ್ನನ್ನು ಸರ್ವೆ ವಿಭಾಗಕ್ಕೆ ಹಾಕಿದ್ದಾರೆ ಎಂದು ಊರಿಗೆ ಕಾಗದ ಬರೆದಾಗ ನಮ್ಮವ್ವ ಅಣ್ಣನ ಕೈಲಿ ಬರೆಸಿ ಕೇಳಿದ್ದು ಒಂದೇ ಮಾತು: "ಹೊಲಕ್ಕಾದ್ರ ಬಾಂದುಗಲ್ಲ ಇರ್ತಾವು. ನೀರಿಗೆ ಎಲ್ಲಿ ಕಲ್ಲ ಇಡ್ತೀರಿ?"

ಈಗ ನಿವೃತ್ತನಾಗಿ ವಾಸ್ಕೋದ ಮಾಂಗೋರ್ ಗುಡ್ಡದಲ್ಲಿದ್ದೇನೆ. ನಮ್ಮ ಓಣಿಯ ತುಂಬ ಗದಗ, ಬಾಗಲಕೋಟೆ ಕಡೆಯವರೇ. ಭಾನುವಾರ ಚಹಾ ಕುಡಿಯಲು ಕೂತಾಗ ಒಬ್ಬರಲ್ಲ ಒಬ್ಬರು ಮಾಲ್ಡೀವ್ಸ್ ಮಾತು ತೆಗೆಯುತ್ತಾರೆ. "ಅಲ್ಲ ಸರ್ರ, ಅವರ ಸಮುದ್ರ ಪುಕ್ಕಟೆ ಅಳದ ಕೊಟ್ವಿ. ಸಾಕು ಹೋಗ್ರಿ ಅಂದಬಿಟ್ರಲ್ಲ?" ಅವರಿಗೆ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸಲು ಆಗದ ಉತ್ತರ ನನ್ನ ಹತ್ತಿರ ಇದೆ. ಅದಕ್ಕೇ ಬರೆಯಲು ಕೂತೆ.

ಮಾಲ್ಡೀವ್ಸ್‌ಗಿಂತ ಮೊದಲು ಮಾರಿಷಸ್ ಹೇಳಬೇಕು, ಯಾಕೆಂದರೆ ನಾನು ಕೆಲಸ ಮಾಡಿದ್ದು ಅಲ್ಲಿ. ಆ ದೇಶದ ನೆಲ ಎರಡು ಸಾವಿರ ಚದರ ಕಿಲೋಮೀಟರ್ ಆಸುಪಾಸು. ನಮ್ಮ ಗೋವಾವೇ ಅದಕ್ಕಿಂತ ದೊಡ್ಡದು. ಆದರೆ ಅದರ ಪಾಲಿಗೆ ಬಂದಿರುವ ಕಡಲು 20 ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು. ಪ್ರತ್ಯೇಕ ಸೇನೆ ಇಲ್ಲ. ಕರಾವಳಿ ಕಾವಲು ಪಡೆ ಪೊಲೀಸ್ ಕಮಿಷನರ್ ಕೈಕೆಳಗೆ ಇದೆ, ಅದರ ಮುಖ್ಯಸ್ಥರಾಗಿ ಭಾರತೀಯ ನೌಕಾಪಡೆಯ ಅಧಿಕಾರಿ ಹೋಗಿ ಕೂರುವ ರೂಢಿ. ಹಡಗುಗಳೂ ಹೆಚ್ಚಾಗಿ ನಮ್ಮವೇ. 2015ರಲ್ಲಿ ಕೊಲ್ಕತ್ತಾದಲ್ಲಿ ಕಟ್ಟಿದ 'ಬಾರಾಕುಡಾ' ಹೋಯಿತು. 'ವಿಕ್ಟರಿ', 'ವೇಲಿಯಂಟ್' ಎಂಬ ಎರಡು ವೇಗದ ಗಸ್ತು ಹಡಗುಗಳು ಇಲ್ಲೇ ವಾಸ್ಕೋದ ಗೋವಾ ಶಿಪ್‌ಯಾರ್ಡ್‌ನಲ್ಲಿ ಆದವು. ಶ್ರೀಲಂಕಾದ 'ಸಯೂರಳ', 'ಸಿಂಧೂರಳ' ಆದದ್ದೂ ಅಲ್ಲಿಯೇ. ಅವುಗಳ ತಗಡಿಗೆ ವೆಲ್ಡಿಂಗ್ ಹಾಕಿದ ಒಬ್ಬ ಹುಡುಗ ನಮ್ಮ ಮನೆಯಿಂದ ನಾಲ್ಕನೇ ಬಾಗಿಲಲ್ಲಿ ಇದ್ದಾನೆ.

ಹಡಗು ಕೊಟ್ಟರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆ ಹಡಗು ನೆಲ ತಾಗದೆ ಓಡಾಡಲು ಬೇಕಾದ ನಕ್ಷೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ವಿಭಾಗದ್ದು ಆ ಕೆಲಸ.

ಮಾಡುವ ರೀತಿ ಹೀಗೆ. ಸರ್ವೆ ಹಡಗು ಹೊರಗೆ ಆಳದಲ್ಲಿ ನಿಲ್ಲುತ್ತದೆ, ಚಿಕ್ಕ ಮೋಟಾರು ದೋಣಿಗಳು ದಡದ ಹತ್ತಿರ ಹೋಗುತ್ತವೆ. ದೋಣಿಯ ತಳದಿಂದ ಸದ್ದು ಬಿಟ್ಟು, ಅದು ತಳಕ್ಕೆ ಬಡಿದು ಹಿಂದಿರುಗಲು ಹಿಡಿದ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತೇವೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಆದರೆ ಬಿಸಿ, ಉಪ್ಪು, ಆಳ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಮೊದಲ ಕೆಲಸ, ಗುರುತು ಹಾಕಿದ ತಂತಿಗೆ ಕಬ್ಬಿಣದ ಪಟ್ಟಿ ಕಟ್ಟಿ ದೋಣಿಯ ಕೆಳಗೆ ಎರಡು ಮೀಟರ್, ನಾಲ್ಕು ಮೀಟರ್, ಆರು ಮೀಟರ್ ಇಳಿಸುವುದು. ಯಂತ್ರ ಅಷ್ಟೇ ತೋರಿಸಿದರೆ ಸರಿ, ಇಲ್ಲವಾದರೆ ಅಂದಿನ ಕೆಲಸ ಶುರುವಾಗುವುದಿಲ್ಲ. ಆಮೇಲೆ ಎತ್ತು ಹೂಡಿದ ಹಾಗೆ ಸಾಲು ಹಿಡಿದು ಹೋಗುವುದು, ತಿರುಗುವುದು, ಪಕ್ಕದ ಸಾಲಿಗೆ ಬರುವುದು. ಕೊನೆಗೆ ಅಡ್ಡ ಸಾಲು ಹೊಡೆದು, ಗೆರೆಗೆ ಗೆರೆ ಕೂಡುವಲ್ಲಿ ಎರಡೂ ಆಳ ತಾಳೆಯಾಗುತ್ತವೆಯೋ ನೋಡುವುದು.

ಇಷ್ಟೆಲ್ಲ ಅಳೆದ ಆಳಕ್ಕೆ ಉಬ್ಬರ-ಇಳಿತದ ಲೆಕ್ಕ ಕಳೆಯದಿದ್ದರೆ ಬೆಲೆ ಇಲ್ಲ. ಅದಕ್ಕೆ ಜೆಟ್ಟಿಯಲ್ಲಿ ಅಳತೆ ಕೋಲು ನೆಡುತ್ತೇವೆ. ಹತ್ತು ನಿಮಿಷಕ್ಕೊಮ್ಮೆ, ಹಗಲು ರಾತ್ರಿ, ನೀರು ಎಲ್ಲಿಗೆ ಬಂತು ಎಂದು ಬರೆಯಬೇಕು. ಕೋಲಿನ ಸೊನ್ನೆ ಎಲ್ಲಿದೆ ಎಂಬುದಕ್ಕೆ ಸಾಕ್ಷಿಯಾಗಿ ದಡದ ಗಟ್ಟಿ ಗೋಡೆಯಲ್ಲಿ ಹಿತ್ತಾಳೆಯ ಬೋಲ್ಟ್ ಕೂರಿಸಿ, ಅದರಿಂದ ಕೋಲಿಗೆ ಮಟ್ಟ ನೋಡಿ ಬರೆದಿಡುತ್ತೇವೆ. ನಮ್ಮವ್ವ ಕೇಳಿದ ಬಾಂದುಗಲ್ಲು ಅದೇ.

ಒಂದು ಸಲ ಮಾರಿಷಸ್‌ಗೆ ಹೋದಾಗ ಅಲ್ಲಿನ ಕಾವಲು ಪಡೆಯ ಹುಡುಗನೊಬ್ಬ ಕಲಿಯಲು ನಮ್ಮ ಜೊತೆ ಇದ್ದ. ಇಪ್ಪತ್ತನಾಲ್ಕರ ಪ್ರಾಯ. ಅಜ್ಜಿಯಿಂದ ಬಂದ ಭೋಜಪುರಿಯಲ್ಲಿ ನನ್ನ ಜೊತೆ ಮಾತು, ಮನೆಯವರ ಜೊತೆ ಅಲ್ಲಿನ ಆಡುಮಾತು ಕ್ರಿಯೋಲ್. ರಾತ್ರಿ ಕೋಲು ಕಾಯುವ ಪಾಳಿ ಅವನಿಗೆ ಕೊಟ್ಟಿದ್ದೆ. ಎಂಟನೇ ದಿನವೋ ಒಂಬತ್ತನೇ ದಿನವೋ ಬೆಳಿಗ್ಗೆ ರಿಜಿಸ್ಟರ್ ತಂದು, "ಸರ್, ಕೋಲು ಸರಿ ಇಲ್ಲ ಅನಿಸುತ್ತದೆ" ಎಂದ. ರೀಡಿಂಗ್‌ಗಳು ನೋಡಲು ಚೊಕ್ಕವಾಗೇ ಇದ್ದವು. ಗಾಳಿಗೆ ನೀರು ಏರಿರಬಹುದು, ಬರೆಯುತ್ತಾ ಹೋಗು ಎಂದೆ. ಅವನು ಹೋಗಲಿಲ್ಲ. ಮೊದಲ ದಿನವೇ ತನ್ನ ತಿಳಿವಿಗೆಂದು ಜೆಟ್ಟಿಯ ಕಾಂಕ್ರೀಟ್ ಕಂಬದ ಮೇಲೆ ಮೊಳೆಯಿಂದ ಒಂದು ಗೀರು ಎಳೆದಿದ್ದನಂತೆ. ಕೋಲು 40 ಸೆಂಟಿಮೀಟರ್ ತೋರಿಸಿದಾಗ ನೀರು ಆ ಗೀರಿಗೆ ಮುಟ್ಟಬೇಕು. ಈಗ 51 ತೋರಿಸಿದರೂ ನೀರು ಗೀರಿನಲ್ಲೇ ನಿಂತಿದೆ.

ಲೆವೆಲ್ ಯಂತ್ರ ಹೂಡಿ ಬೋಲ್ಟ್‌ನಿಂದ ಮಟ್ಟ ನೋಡಿದೆವು. ಕೋಲು 11 ಸೆಂಟಿಮೀಟರ್ ಕೆಳಗೆ ಕುಸಿದಿತ್ತು. ರಾತ್ರಿ ಮೀನಿನ ದೋಣಿಯೊಂದು ಒರಗಿ ಕಟ್ಟಿದ ಹಗ್ಗ ಸಡಿಲವಾಗಿತ್ತು. ಗೋವಾದಲ್ಲಿ ನೀರು ಎರಡು ಮೀಟರ್ ಏರಿ ಇಳಿಯುತ್ತದೆ. ಮಾರಿಷಸ್‌ನಲ್ಲಿ ಅರ್ಧ ಮೀಟರ್ ಏರಿದರೆ ಹೆಚ್ಚು. ಅಂಥ ಕಡೆ 11 ಸೆಂಟಿಮೀಟರ್ ಎಂದರೆ ಸಣ್ಣ ಮಾತಲ್ಲ. ಬಂದರಿನ ಕಟ್ಟುನಿಟ್ಟಾದ ಸರ್ವೆಗೆ ಅಂತರರಾಷ್ಟ್ರೀಯ ನಿಯಮ ಬಿಟ್ಟುಕೊಡುವ ಒಟ್ಟು ತಪ್ಪೇ ಸುಮಾರು 25 ಸೆಂಟಿಮೀಟರ್, ಅದರಲ್ಲಿ ಅರ್ಧದಷ್ಟನ್ನು ನಮ್ಮ ಕೋಲೇ ತಿಂದಿತ್ತು. ಕೋಲು ಕುಸಿದರೆ ನಕ್ಷೆಯಲ್ಲಿ ನೀರು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಹಡಗಿಗೆ ಅಪಾಯವಿಲ್ಲ ಎಂದು ಸಮಾಧಾನ ಹೇಳಿದೆ. "ಮೇಲೆ ಎದ್ದಿದ್ದರೆ?" ಎಂದ. ಎದ್ದಿದ್ದರೆ ಇಲ್ಲದ ನೀರನ್ನು ಇದೆ ಎಂದು ಬರೆದಿರುತ್ತಿದ್ದೆವು. ಎರಡು ದಿನದ ಲೆಕ್ಕ ಪೂರ್ತಿ ಮತ್ತೆ ಮಾಡಿದೆವು. ಮಟ್ಟ ನೋಡುವುದನ್ನು ಮೂರು ದಿನಕ್ಕೊಮ್ಮೆ ಇಟ್ಟದ್ದು ನನ್ನ ತಪ್ಪು. ಅಂದಿನಿಂದ ದಿನಾ ಬೆಳಿಗ್ಗೆ ನೋಡಿದೆ, ಬೇರೆ ಯಾವ ದೇಶಕ್ಕೆ ಹೋದರೂ.

ಆ ಘಟನೆಯ ನಂತರ ಒಂದು ಪಟ್ಟು ಹಿಡಿದೆ. ಹೊರಡುವ ದಿನ ಅಂತಿಮ ನಕ್ಷೆ ಒಂದೇ ಅಲ್ಲ, ಕೋಲಿನ ರಿಜಿಸ್ಟರ್, ಮಟ್ಟದ ಪುಸ್ತಕ, ಬೋಲ್ಟ್ ಎಲ್ಲಿದೆ ಎಂಬ ವಿವರಣೆ, ಎಲ್ಲದರ ನಕಲು ಅವರ ಕೈಗೆ ಹೋಗಬೇಕು ಎಂದು ಮೇಲಿನವರನ್ನು ಕೇಳಿಕೊಂಡೆ. ಒಪ್ಪಿದರು. ಬೋಲ್ಟ್‌ನ ವಿವರಣೆ ಬರೆದದ್ದು ಆ ಹುಡುಗನೇ. ಮುಂದೆ ಅವನು ವಾಸ್ಕೋದ ರಾಷ್ಟ್ರೀಯ ಜಲಮಾಪನ ಸಂಸ್ಥೆಗೆ ಕೋರ್ಸಿಗೆ ಬಂದ. ಎಷ್ಟೋ ಮಿತ್ರದೇಶಗಳ ಹುಡುಗರು ಇಲ್ಲಿ ಬಂದು ಕಲಿತು ಹೋಗುತ್ತಾರೆ. ಮನೆಗೆ ಕರೆದೆ. ನನ್ನ ಹೆಂಡತಿ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಾ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಅದೇ ಬೋಲ್ಟ್, ಸುತ್ತ ಹೊಸದಾಗಿ ಬಳಿದ ಹಳದಿ ಬಣ್ಣ.

2020ರ ಜುಲೈನಲ್ಲಿ 'ವಾಕಾಶಿಯೋ' ಎಂಬ ಸರಕು ಹಡಗು ಮಾರಿಷಸ್‌ನ ಆಗ್ನೇಯ ತೀರದ ಹವಳದ ದಿಬ್ಬಕ್ಕೆ ಹತ್ತಿ, ಆಗಸ್ಟ್‌ನಲ್ಲಿ ಎಣ್ಣೆ ಸುರಿಸಿದಾಗ ರಾತ್ರಿ ನಿದ್ದೆ ಬರಲಿಲ್ಲ. ಭಾರತ 30 ಟನ್ ಸಲಕರಣೆ ಮತ್ತು ಕೋಸ್ಟ್ ಗಾರ್ಡ್‌ನ ಹತ್ತು ಜನರನ್ನು ಕಳಿಸಿತು. ಆಮೇಲೆ ತನಿಖೆಯಲ್ಲಿ ತಿಳಿದದ್ದು, ಆ ತೀರದ ಸಾಕಷ್ಟು ವಿವರದ ನಕ್ಷೆ ಹಡಗಿನವರ ಹತ್ತಿರ ಇರಲಿಲ್ಲ ಎಂದು. ಅಳೆದು ಬರೆದಿಟ್ಟರೂ ಓಡಿಸುವವನ ಮೇಜಿಗೆ ಆ ನಕ್ಷೆ ಮುಟ್ಟದಿದ್ದರೆ ಹೀಗಾಗುತ್ತದೆ.

ಇನ್ನು ಮಾಲ್ಡೀವ್ಸ್. 2019ರ ಜೂನ್‌ನಲ್ಲಿ ಜಲಮಾಪನದ ಒಪ್ಪಂದ ಆಯಿತು. ನನ್ನ ಕೈಕೆಳಗೆ ಕಲಿತ ಹುಡುಗರು ಹೋಗಿ ಅಳೆದು ಬಂದರು. 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಮುಯಿಝು ಅವರ ಹೊಸ ಸರಕಾರ ಒಪ್ಪಂದ ಮುಂದುವರಿಸುವುದಿಲ್ಲ ಎಂದಿತು. ನನಗೂ ನೋವಾಯಿತು, ಮುಚ್ಚಿಡುವುದಿಲ್ಲ. 1988ರ ನವೆಂಬರ್ 3ರಂದು ಆ ದೇಶದ ಸರಕಾರ ಉರುಳಿಸಲು ಬಾಡಿಗೆ ಬಂಟರು ಬಂದಾಗ ಆಗ್ರಾದಿಂದ ಹಾರಿ ಹೋಗಿ ಇಳಿದವರು ನಮ್ಮ ಸೈನಿಕರು. ಓಡಿಹೋಗುತ್ತಿದ್ದ ಹಡಗನ್ನು ತಡೆದದ್ದು ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ 'ಗೋದಾವರಿ'.

ಆದರೆ ಓಣಿಯವರಿಗೆ ನಾನು ಹೇಳುವುದು ಇನ್ನೊಂದಿದೆ. ನೀರಿನಲ್ಲಿ ಸದ್ದು ಎಷ್ಟು ವೇಗದಲ್ಲಿ ಓಡುತ್ತದೆ, ಯಾವ ಆಳದಲ್ಲಿ ನೀರು ಒಮ್ಮೆಲೇ ತಣ್ಣಗಾಗುತ್ತದೆ ಎಂದು ನಾವು ಅಳೆಯುವುದು ಮೀನುಗಾರನ ದೋಣಿ ಉಳಿಸಲು. ಅದೇ ಅಂಕಿ ಜಲಾಂತರ್ಗಾಮಿ ಅಡಗಿಸುವವನಿಗೂ, ಹುಡುಕುವವನಿಗೂ ಬೇಕು. ದೊಡ್ಡ ನೆರೆಯವನು ಬಂದು ಚಿಕ್ಕ ರೈತನ ಹೊಲ ಅಳೆದುಕೊಂಡು ಹೋದರೆ ಆ ರೈತನಿಗೆ ಎದೆ ಹೊಡೆದುಕೊಳ್ಳುವುದು ಸಹಜ. ನಮ್ಮಪ್ಪನಿಗೂ ಹೊಡೆದುಕೊಳ್ಳುತ್ತಿತ್ತು. ಸರಪಳಿಯ ತುದಿ ಅವನ ಕೈಗೆ ಕೊಟ್ಟಾಗ ಮಾತ್ರ ಸುಮ್ಮನಿರುತ್ತಿದ್ದ. ಬೇಡ ಎಂದವರನ್ನು ಕೃತಘ್ನರು ಎಂದು ಬಯ್ಯಲು ನನ್ನ ಬಾಯಿ ಏಳುವುದಿಲ್ಲ.

ತಾವೇ ಸಲಕರಣೆ ತಂದು ತಮ್ಮ ಕಡಲು ತಾವೇ ಅಳೆಯುತ್ತೇವೆ ಎಂದು ಅವರ ಅಧ್ಯಕ್ಷರು 2024ರಲ್ಲಿ ಹೇಳಿದ್ದು ಓದಿದೆ. ಅಳೆಯಲಿ. ಸಾವಿರಕ್ಕೂ ಹೆಚ್ಚು ದ್ವೀಪಗಳ ನಡುವಿನ ದಾರಿ, ವರ್ಷಗಟ್ಟಲೆ ಹಿಡಿಯುತ್ತದೆ. ಯಂತ್ರ ದುಡ್ಡಿಗೆ ಸಿಗುತ್ತದೆ, ಆದರೆ ನಮ್ಮ ಹುಡುಗರು ನೆಟ್ಟ ಕೋಲುಗಳ ಸೊನ್ನೆ ಎಲ್ಲಿತ್ತು, ಬೋಲ್ಟ್ ಯಾವ ಗೋಡೆಯಲ್ಲಿದೆ ಎಂಬ ಪುಸ್ತಕ ಅವರ ಹತ್ತಿರ ಇರಬೇಕು. ಅದು ಇದ್ದರೆ ನಾವು ನಿಲ್ಲಿಸಿದ ಸಾಲಿನಿಂದಲೇ ಮುಂದಿನ ಸಾಲು ಹಿಡಿಯಬಹುದು. ಇಲ್ಲದಿದ್ದರೆ ಮೊದಲಿನಿಂದ ಕೋಲು ನೆಡಬೇಕು.